ಶೋರೂಮ್ ಕೆಲಸ: ಟ್ರೈನಿಂಗ್ ಮುಗಿದಿದೆ, ಗಿರಾಕಿ ರೇಟ್ ಕೇಳಿದರೆ ಬಾಯಿ ಕಟ್ಟುತ್ತದೆ

ಹರಿಹರದ ಹುಡುಗ

ಎಲ್ಲರಿಗೂ ನಮಸ್ಕಾರ. ಬಿ.ಕಾಂ ಮುಗಿಸಿ ಎರಡು ತಿಂಗಳ ಹಿಂದೆ ದಾವಣಗೆರೆ ಪಿ.ಬಿ. ರಸ್ತೆಯ ಒಂದು ಕಾರ್ ಶೋರೂಮ್‌ಗೆ ಸೇಲ್ಸ್ ಕನ್ಸಲ್ಟೆಂಟ್ ಆಗಿ ಸೇರಿದ್ದೇನೆ. ಮೊದಲ ಹತ್ತು ದಿನ ಟ್ರೈನಿಂಗ್. ಕಾರಿನ ಸುತ್ತ ಆರು ಕಡೆ ನಿಂತು ಎಲ್ಲೆಲ್ಲಿ ಏನೇನು ಹೇಳಬೇಕು ಅಂತ ಕಲಿಸಿದರು. ಕೊನೆಯಲ್ಲಿ ಪರೀಕ್ಷೆ ಇತ್ತು, ಒಳ್ಳೆ ಮಾರ್ಕ್ಸ್ ಬಂತು. ಸಿಸಿ, ಟಾರ್ಕ್, ಏರ್‌ಬ್ಯಾಗ್, ಡಿಕ್ಕಿ ಎಷ್ಟು ಲೀಟರ್ ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತೇನೆ.

ಫ್ಲೋರ್‌ಗೆ ಬಿಟ್ಟ ಮೇಲೆ ಕಷ್ಟ ಶುರುವಾಯಿತು. ನಾನು ಹೆಡ್‌ಲೈಟ್ ಹತ್ತಿರ ನಿಂತು ಬಾಯಿ ತೆರೆಯುವಷ್ಟರಲ್ಲಿ "ಅದೆಲ್ಲಾ ಇರ್ಲಿ, ಆನ್‌ರೋಡ್ ಎಷ್ಟು, ಎಷ್ಟು ಬಿಡ್ತೀರಿ" ಅಂತ ಕೇಳುತ್ತಾರೆ. ಅಲ್ಲಿಗೆ ಮಾತು ನಿಂತುಹೋಗುತ್ತದೆ. ಟೀಮ್ ಲೀಡರ್ ಕಡೆ ನೋಡುತ್ತೇನೆ.

ಇಲ್ಲಿಯವರೆಗೆ ಮೂರು ಬುಕಿಂಗ್. ಅದರಲ್ಲಿ ಒಂದು ಕ್ಯಾನ್ಸಲ್ ಆಯಿತು, ತಪ್ಪು ನನ್ನದೇ. ಅವರು ಮೊದಲು ನೋಡಿದ್ದು 9.80 ಲಕ್ಷದ ಗಾಡಿ. ಆಮೇಲೆ ಮಗಳು ಸನ್‌ರೂಫ್ ಇರೋದು ಬೇಕು ಅಂದಳು, ಅದು 10.40. "60 ಸಾವಿರ ಜಾಸ್ತಿ ಆಗುತ್ತೆ ಅಷ್ಟೇ ಸರ್" ಅಂದುಬಿಟ್ಟೆ. ಬಿಲ್ಲಿಂಗ್‌ಗೆ ಕೂತಾಗ ವ್ಯತ್ಯಾಸ ಒಂದು ಲಕ್ಷ ದಾಟಿತ್ತು. ಮೋಸ ಮಾಡಿದಿರಿ ಅಂತ ಹೆಂಡತಿ ಮಗಳ ಮುಂದೆಯೇ ಬೈದು ಎದ್ದು ಹೋದರು. ಆ ರಾತ್ರಿ ಊಟ ಸೇರಲಿಲ್ಲ. ಈ ಕೆಲಸ ಮಾಡ್ತಾ ಮಾಡ್ತಾ ಬರುತ್ತದಾ, ಅಥವಾ ಮಾತುಗಾರರಿಗೆ ಮಾತ್ರವಾ? ಅನುಭವ ಇರುವವರು ದಯವಿಟ್ಟು ಹೇಳಿ.

ಗೋಕುಲ್ ರೋಡ್

ತಮ್ಮಾ, ನಾನು ಹುಬ್ಬಳ್ಳಿಯಲ್ಲಿ 12 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ. ಮೊದಲು ಆ ಕ್ಯಾನ್ಸಲ್ ಆದ ಬುಕಿಂಗ್ ಲೆಕ್ಕ ಬಿಡಿಸೋಣ. ನಮ್ಮ ರಾಜ್ಯದಲ್ಲಿ ಗಾಡಿ ಬೆಲೆ 5 ಲಕ್ಷ ದಾಟಿ 10 ಲಕ್ಷದವರೆಗೆ ಇದ್ದರೆ ಲೈಫ್ ಟ್ಯಾಕ್ಸ್ (ಒಂದೇ ಸಲ ಕಟ್ಟುವ ರೋಡ್ ಟ್ಯಾಕ್ಸ್) 14%, 10 ದಾಟಿ 20 ಲಕ್ಷದವರೆಗೆ 17%. ಆ ಟ್ಯಾಕ್ಸ್ ಮೇಲೆ 11% ಸೆಸ್. 9.80ಕ್ಕೆ ಸುಮಾರು 1.52 ಲಕ್ಷ, 10.40ಕ್ಕೆ 1.96 ಲಕ್ಷ. ಅಲ್ಲಿಗೆ 44 ಸಾವಿರ. ಜೊತೆಗೆ 10 ಲಕ್ಷ ದಾಟಿತು ಅಂದರೆ 1% ಟಿಸಿಎಸ್ (ಗಿರಾಕಿಯ ಇನ್ಕಮ್ ಟ್ಯಾಕ್ಸ್ ಲೆಕ್ಕಕ್ಕೆ ಶೋರೂಮ್ ಮೊದಲೇ ಹಿಡಿದು ಕಟ್ಟುವ ದುಡ್ಡು), ಅದು 10,400. ನಿನ್ನ 60 ಸೇರಿಸಿದರೆ 1.14 ಲಕ್ಷ, ಇನ್ಶೂರೆನ್ಸ್ ಬೇರೆ ಏರುತ್ತದೆ. ಟಿಸಿಎಸ್ ದುಡ್ಡನ್ನು ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಹಿಡಿಯಬಹುದು ಅಂತಲಾದರೂ ನೀನು ಅವರಿಗೆ ಹೇಳಿದ್ದರೆ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು.

ಇದನ್ನು ಹತ್ತು ದಿನದ ಟ್ರೈನಿಂಗ್‌ನಲ್ಲಿ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ, ಯಾಕಂದ್ರೆ ಅಲ್ಲಿಗೆ ಬರುವವರು ಗಾಡಿ ಕಲಿಸಲು ಬರುತ್ತಾರೆ, ಟ್ಯಾಕ್ಸ್ ಒಂದೊಂದು ರಾಜ್ಯಕ್ಕೆ ಒಂದೊಂದು ಥರ. ನೀನೇ ಕಲಿಯಬೇಕು. ಒಂದು ತಿಂಗಳು ದಿನಾ ಐದು ಕೊಟೇಶನ್ ಕೈಯಲ್ಲಿ ಬರೆ. ಸಿಸ್ಟಮ್‌ನಿಂದ ಪ್ರಿಂಟ್ ತೆಗೆಯಬೇಡ. ಎಕ್ಸ್ ಶೋರೂಮ್ (ಲೈಫ್ ಟ್ಯಾಕ್ಸ್, ಇನ್ಶೂರೆನ್ಸ್ ಸೇರದ ಗಾಡಿ ಬೆಲೆ), ಟ್ಯಾಕ್ಸ್, ಇನ್ಶೂರೆನ್ಸ್, ಫಾಸ್ಟ್ಯಾಗ್, ಆಕ್ಸೆಸರೀಸ್, ಎಕ್ಸ್‌ಟೆಂಡೆಡ್ ವಾರಂಟಿ, ಇವುಗಳಲ್ಲಿ ಯಾವುದು ಕಡ್ಡಾಯ, ಯಾವುದನ್ನು ಬೇಡ ಅನ್ನಬಹುದು ಅಂತ ಪಕ್ಕದಲ್ಲೇ ಬರೆ. ಎಷ್ಟು ಬಿಡ್ತೀರಿ ಅಂದಾಗ ಆ ಹಾಳೆ ಮುಂದಿಟ್ಟು ಕ್ಯಾಲ್ಕುಲೇಟರ್ ಅವರ ಕೈಗೇ ಕೊಡು. ಅವರು ಕೂಡಿಸುತ್ತಾ ಹೋದ ಹಾಗೆ ಒಂದೊಂದೇ ಸಾಲು ಬಿಡಿಸಿ ಹೇಳು. ಬಾಯಿ ತಾನಾಗಿ ಬಿಡುತ್ತದೆ, ನೋಡು.

ಇನ್ನೊಂದು ಮಾತು ಟೆಸ್ಟ್ ಡ್ರೈವ್ ಬಗ್ಗೆ. ಹೊಸಬರೆಲ್ಲಾ ಸ್ಟಿಯರಿಂಗ್ ಹಿಡಿದವನ ಜೊತೆ ಮಾತ್ರ ಮಾತಾಡುತ್ತಾರೆ. ನಾನೂ ಹಾಗೇ ಇದ್ದೆ. ಮೂರನೇ ವರ್ಷ ಧಾರವಾಡದಿಂದ ಒಂದು ಮನೆಯವರು ಎತ್ತರದ ಎಸ್‌ಯುವಿ ನೋಡಲು ಬಂದರು. ಮಗ ಓಡಿಸಿ ಖುಷಿಯಾಗಿದ್ದ, ಬುಕಿಂಗ್ ಆದಂತೆಯೇ ಅಂದುಕೊಂಡೆ. ತಾಯಿಯವರು ಹಿಂದಿನ ಬಾಗಿಲಲ್ಲಿ ನಿಂತಿದ್ದರು. ಎಡಗೈಯಲ್ಲಿ ಸೀರೆ ನಿರಿಗೆ ಹಿಡಿದು ಬಲಗೈಯಿಂದ ಸೀಟಿನ ಅಂಚು ಹಿಡಿದರು, ಒಂದು ಕಾಲು ಎತ್ತಿಟ್ಟರು, ಇನ್ನೊಂದು ಬರಲಿಲ್ಲ. ಇಳಿಸಿದರು. ಮತ್ತೆ ಎತ್ತಿದರು. ಯಾರೂ ನೋಡಲಿಲ್ಲ ಅಂದುಕೊಂಡು ಸುಮ್ನೆ ನಕ್ಕು "ನಾ ಇಲ್ಲೇ ಕುಂದರ್ತೀನಿ, ನೀವು ಹೋಗಿ ಬರ್ರಿ" ಅಂದರು. ನಾನು ಅವರನ್ನು ಪಕ್ಕದಲ್ಲಿದ್ದ ಸಣ್ಣ ಕಾರಿನ ಹತ್ತಿರ ಕರೆದುಕೊಂಡು ಹೋದೆ. ಆರಾಮಾಗಿ ಕೂತರು. ಮಂಡಿ ಸವರಿಕೊಂಡು "ಇದು ಚಲೋ ಅದ" ಅಂದರು. ಮಗ ಒಂದು ನಿಮಿಷ ಸುಮ್ಮನಿದ್ದು ಅದನ್ನೇ ಬುಕ್ ಮಾಡಿದ. ನಾಲ್ಕು ಲಕ್ಷ ಕಡಿಮೆಯ ಗಾಡಿ, ನನಗೆ ಇನ್ಸೆಂಟಿವ್ ಕೂಡ ಕಡಿಮೆ. ಆದರೆ ಆ ಮನೆಯಿಂದ ಇವತ್ತಿನವರೆಗೆ ಏಳು ಗಾಡಿ ಹೋಗಿವೆ.

ಹುಣಸೂರು ರಸ್ತೆ

ನಾನು ಮೈಸೂರಿನಲ್ಲಿ ಇನ್ಶೂರೆನ್ಸ್ ಡೆಸ್ಕ್‌ನಲ್ಲಿದ್ದೇನೆ. ಮೇಲಿನವರು ಹೇಳಿದ್ದೆಲ್ಲಾ ಸರಿ. ಸೇಲ್ಸ್ ಹುಡುಗರು ಮಾಡಿದ ತಪ್ಪು ಕೊನೆಗೆ ನಮ್ಮ ಟೇಬಲ್‌ಗೆ ಬರುತ್ತದೆ, ಅದಕ್ಕೆ ಹೇಳುತ್ತಿದ್ದೇನೆ. ಮೂರು ವಿಷಯ ಸರಿಯಾಗಿ ತಿಳಿದುಕೊಳ್ಳಿ.

ಹೊಸ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ (ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ) ಮೂರು ವರ್ಷಕ್ಕೆ ಕಡ್ಡಾಯ. 2018ರ ಸೆಪ್ಟೆಂಬರ್‌ನಿಂದ ಹೀಗೇ ಇದೆ. ಆದರೆ ಅದನ್ನು ನಮ್ಮಲ್ಲೇ ಮಾಡಿಸಬೇಕು ಅಂತ ಕಾನೂನಿಲ್ಲ. "ಹೊರಗೆ ಮಾಡಿಸಿದರೆ ವಾರಂಟಿ ಹೋಗುತ್ತೆ" ಅಂತ ಕೆಲವರು ಹೆದರಿಸುತ್ತಾರೆ. ಅದು ಸುಳ್ಳು, ದಯವಿಟ್ಟು ಕಲಿಯಬೇಡಿ. ಕ್ಲೇಮ್ ಬಂದಾಗ ನಮ್ಮ ವರ್ಕ್‌ಶಾಪ್‌ನಲ್ಲಿ ಏನು ಅನುಕೂಲ ಅಂತ ನಿಜ ಹೇಳಿ, ಆಮೇಲೆ ಅವರಿಗೆ ಬಿಡಿ.

ಎರಡನೆಯದು ನಗದು. ಒಂದು ಗಾಡಿಗೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತೆಗೆದುಕೊಳ್ಳುವ ಹಾಗಿಲ್ಲ. ಇವತ್ತು ಒಂದಿಷ್ಟು, ನಾಳೆ ಒಂದಿಷ್ಟು ಅಂತ ಕೊಟ್ಟರೂ ಸೇರಿಸಿಯೇ ಲೆಕ್ಕ. ದಂಡ ಬೀಳುವುದು ತೆಗೆದುಕೊಂಡವರಿಗೆ. ಬುಕಿಂಗ್ ದಿನವೇ ಹೇಳಿಬಿಡಿ, ಡೆಲಿವರಿ ದಿನ ಚೀಲ ತುಂಬಾ ದುಡ್ಡು ತಂದವರನ್ನು ಬ್ಯಾಂಕಿಗೆ ವಾಪಸ್ ಕಳಿಸಿದರೆ ಮನಸ್ಸಿಗೆ ತುಂಬಾ ನೋವಾಗುತ್ತದೆ.

ಮೂರನೆಯದು, ಗಾಡಿ ಯಾವ ತಿಂಗಳು ತಯಾರಾಗಿದ್ದು ಅಂತ ಫಾರ್ಮ್ 21ರಲ್ಲಿ (ಶೋರೂಮ್ ಕೊಡುವ ಮಾರಾಟ ಪತ್ರ) ಇರುತ್ತದೆ. ಗಿರಾಕಿ ಕೇಳುವ ಮೊದಲೇ ನೀವೇ ತೋರಿಸಿ. ಹಳೇ ಸ್ಟಾಕ್ ಆದರೆ ಹಳೇ ಸ್ಟಾಕ್ ಅನ್ನಿ, ರಿಯಾಯಿತಿ ಅದಕ್ಕೇ ಅಂತಲೂ ಹೇಳಿ.

ತೋಟದ ಮನೆ

ನಾನು ಕೊಳ್ಳುವ ಕಡೆಯವನು. ಚನ್ನಗಿರಿ ಕಡೆ ಅಡಿಕೆ ತೋಟ. ಹವಾಯಿ ಚಪ್ಪಲಿ, ಪಂಚೆಯಲ್ಲಿ ಶೋರೂಮ್‌ಗೆ ಹೋದರೆ ಎಷ್ಟೋ ಕಡೆ ಯಾರೂ ಕುರ್ಚಿಯಿಂದ ಏಳುವುದಿಲ್ಲ. 2022ರ ಜನವರಿಯಲ್ಲಿ ತುಮಕೂರಿನಲ್ಲಿ ಪಿಕಪ್ ಕೊಳ್ಳಲು ಹೋದ ರೈತರಿಗೆ ಹತ್ತು ರೂಪಾಯಿಯೂ ಇರಲಿಕ್ಕಿಲ್ಲ ಅಂತ ಅವಮಾನ ಮಾಡಿ, ಅವರು ಸ್ವಲ್ಪ ಹೊತ್ತಲ್ಲೇ ಹತ್ತು ಲಕ್ಷ ತಂದು ನಿಂತಿದ್ದು ನಿಮಗೆಲ್ಲಾ ನೆನಪಿರಬೇಕು. ನಮಗೆ ಅದು ಬರೀ ಸುದ್ದಿ ಆಗಿರಲಿಲ್ಲ.

ನಾನು ಕಾರು ತೆಗೆದುಕೊಂಡ ಹುಡುಗ ಅಂಥ ಮಾತುಗಾರನೇನಲ್ಲ. ಸೆಪ್ಟೆಂಬರ್‌ನಲ್ಲಿ ನೋಡಿಕೊಂಡು ಬಂದಿದ್ದೆ. ಬೇರೆಯವರು ದಿನಾ ಫೋನ್ ಮಾಡುತ್ತಿದ್ದರು, ಅದೂ ಕೊಯ್ಲಿನ ಹೊತ್ತಲ್ಲಿ, ಸುಲಿಯುವವರು ಬೇಯಿಸುವವರು ಎಲ್ಲಾ ಅಂಗಳದಲ್ಲಿರುವಾಗ. ಇವನು ಒಂದೇ ಸಲ ಕೇಳಿದ, "ಅಡಿಕೆ ಯಾವಾಗ ಮಂಡಿಗೆ ಹಾಕ್ತೀರಿ ಸರ್" ಅಂತ. ಸಂಕ್ರಾಂತಿ ಆದ ಮೇಲೆ ಅಂದೆ. ಬರೆದುಕೊಂಡ. ಸಂಕ್ರಾಂತಿ ಕಳೆದು ನಾಲ್ಕನೇ ದಿನ ಸಂಜೆ ಏಳಕ್ಕೆ ಫೋನ್ ಬಂತು. ಅವನ ಹತ್ತಿರವೇ ತೆಗೆದುಕೊಂಡೆ.

ಗೋಕುಲ್ ರೋಡ್

ತೋಟದ ಮನೆಯವರೇ, ಇದನ್ನು ನಮ್ಮ ಮೀಟಿಂಗ್‌ನಲ್ಲಿ ಓದಿ ಹೇಳುತ್ತೇನೆ. ಫಾಲೋಅಪ್ ಅಂದರೆ ಇದು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರಿನ ಜಿಎಸ್‌ಟಿ 28ರಿಂದ 18%ಕ್ಕೆ ಇಳಿಯುತ್ತದೆ ಅಂತ ಗೊತ್ತಾದಾಗ ನಮ್ಮಲ್ಲಿ ಕೆಲವರು ಟಾರ್ಗೆಟ್‌ಗೋಸ್ಕರ ಅದಕ್ಕೂ ಮೊದಲೇ ಬಿಲ್ ಮಾಡಿಸಲು ನೋಡಿದರು. ನಾನು ನನ್ನ ಆರು ಜನ ಗಿರಾಕಿಗಳಿಗೆ ಫೋನ್ ಮಾಡಿ ನವರಾತ್ರಿ ಮೊದಲ ದಿನದವರೆಗೆ ತಡೆಯಿರಿ ಅಂದೆ. ಆರೂ ಜನ ಬಂದರು.

ಹರಿಹರದ ಹುಡುಗ

ಎಲ್ಲರಿಗೂ ಧನ್ಯವಾದ. ನಿನ್ನೆಯಿಂದ ಹಾಳೆಯಲ್ಲಿ ಬರೆಯಲು ಶುರು ಮಾಡಿದ್ದೇನೆ. ಹತ್ತರಲ್ಲಿ ಮೂರು ತಪ್ಪಾಯಿತು, ಮೂರೂ ಇನ್ಶೂರೆನ್ಸ್ ಸಾಲಿನಲ್ಲೇ. ನಮ್ಮ ಡೆಸ್ಕ್ ಅಕ್ಕನ ಹತ್ತಿರ ಊಟದ ಹೊತ್ತಲ್ಲಿ ಅರ್ಧ ಗಂಟೆ ಕೂರುತ್ತೇನೆ ಅಂತ ಕೇಳಿಕೊಂಡಿದ್ದೇನೆ, ಒಪ್ಪಿದ್ದಾರೆ. ಆ ಕ್ಯಾನ್ಸಲ್ ಮಾಡಿದ ಸರ್‌ಗೂ ಇವತ್ತು ಫೋನ್ ಮಾಡಿ ಕ್ಷಮೆ ಕೇಳಿ ಲೆಕ್ಕ ಪೂರ್ತಿ ಹೇಳಿದೆ. ಗಾಡಿ ಬೇಡ ಅಂದರು. ಆದರೆ ಹತ್ತು ನಿಮಿಷ ಮಾತಾಡಿದರು.

ಶುಕ್ರವಾರ ನನ್ನ ಎರಡನೇ ಡೆಲಿವರಿ. ಅವರು ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತೇವೆ ಅಂದಿದ್ದಾರೆ. ನಾನು ಮೊದಲೇ ಏನೇನು ನೋಡಿಟ್ಟುಕೊಳ್ಳಬೇಕು ಅಣ್ಣಾ?

ಗೋಕುಲ್ ರೋಡ್

ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಈಗಲೇ ಫೋನ್ ಮಾಡಿ ಒಂಬತ್ತೂವರೆಗೆ ಬರಲು ಹೇಳು. ಗುರುವಾರ ಸಂಜೆಯೇ ಗಾಡಿ ಯಾರ್ಡ್‌ನಿಂದ ತರಿಸಿ ಬೆಳಕಿರುವಾಗಲೇ ಸುತ್ತ ನೋಡು, ಸ್ಟೆಪ್ನಿ, ಜಾಕ್, ಎರಡನೇ ಕೀ ಎಣಿಸಿಕೋ, ಚಾಸಿ ನಂಬರ್ ಕಾಗದದ ಜೊತೆ ಹೋಲಿಸು. ಐದು ಲೀಟರ್ ಪೆಟ್ರೋಲ್ ಇದೆಯಾ ನೋಡು. ನಾಲ್ಕು ನಿಂಬೆಹಣ್ಣು ನೀನೇ ತಂದಿಟ್ಟಿರು, ಅವರು ಗಡಿಬಿಡಿಯಲ್ಲಿ ಮರೆತು ಬರುತ್ತಾರೆ.