ಹತ್ತಾರು ವರ್ಷ ಬಿಟ್ಟು ಮತ್ತೆ ಸ್ಟೀರಿಂಗ್ ಹಿಡಿಯೋರಿಗೆ: ಡ್ರೈವಿಂಗ್ ಮೇಷ್ಟ್ರನ್ನ ಕೇಳಿ

ಅಡ್ಮಿನ್: ಶಿವಮೊಗ್ಗದಲ್ಲಿ 26 ವರ್ಷದಿಂದ ಕಾರು ಕಲಿಸ್ತಿರೋ ಮೇಷ್ಟ್ರು ರಾತ್ರಿ 9ರವರೆಗೆ ಇರ್ತಾರೆ. ಹೆಸರು ಬೇಡ, ಊರು ಹಾಕಿ ಸಾಕು.

ವಿನೋಬನಗರ: ಸರ್, ಮದುವೆ ಆದ್ಮೇಲೆ ಓಡಿಸೇ ಇಲ್ಲ, 12 ವರ್ಷ ಆಯ್ತು. ಲೈಸೆನ್ಸ್ 2022ರಲ್ಲೇ ಮುಗಿದಿದೆ. ಸುಮ್ನೆ ರಿನ್ಯೂ ಆಗತ್ತಾ?

ಮೇಷ್ಟ್ರು: ಇಲ್ಲಮ್ಮ. ಮುಗಿದು 1 ವರ್ಷ ದಾಟಿದ್ರೆ ಮತ್ತೆ ಟೆಸ್ಟ್ ಕೊಡ್ಬೇಕು, 2019ರ ತಿದ್ದುಪಡಿ. ವಯಸ್ಸು 40 ದಾಟಿದ್ರೆ ಫಾರಂ 1ಎ ಅನ್ನೋ ಆರೋಗ್ಯ ಸರ್ಟಿಫಿಕೇಟ್‌ಗೆ ಡಾಕ್ಟರ್ ಸಹಿ. ಅಲ್ಲಿವರೆಗೂ ಯಜಮಾನ್ರನ್ನ ಪಕ್ಕ ಕೂರಿಸ್ಕೊಂಡು ಪ್ರಾಕ್ಟೀಸ್ ಅಂತ ಹೊರಡಬೇಡಿ.

ಭದ್ರಾವತಿ: ಗಾಡಿ ಪದೇ ಪದೇ ಆಫ್ ಆಗ್ತಿದೆ.

ಮೇಷ್ಟ್ರು: ಎರಡು ದಿನ ಆಕ್ಸಿಲರೇಟರ್ ಮುಟ್ಟಬೇಡಿ. ಖಾಲಿ ಮೈದಾನ, ಫಸ್ಟ್ ಗೇರ್, ಕ್ಲಚ್ ಮಾತ್ರ ನಿಧಾನಕ್ಕೆ ಬಿಡ್ತಾ ಬನ್ನಿ. ಬಾನೆಟ್ ಸಣ್ಣಗೆ ನಡುಗೋ ಜಾಗ ಪಾದಕ್ಕೆ ಗುರುತಾಗ್ಲಿ.

ತೀರ್ಥಹಳ್ಳಿ: ಅಪ್ಪಾಜಿಗೆ 64, ಶುಗರ್ ಬಂದು 15 ವರ್ಷ. 9 ವರ್ಷದ ಮೇಲೆ ಈಗ ಅಮ್ಮನ ಡಯಾಲಿಸಿಸ್‌ಗೋಸ್ಕರ ಓಡಿಸೋಕೆ ಶುರು ಮಾಡಿದಾರೆ. ಮೊನ್ನೆ ಇಳಿದಾಗ ಒಂದು ಕಾಲಲ್ಲಿ ಚಪ್ಪಲಿನೇ ಇಲ್ಲ! ಪೆಡಲ್ ಹತ್ರ ಬಿದ್ದಿತ್ತು, ಅವ್ರಿಗೆ ಗೊತ್ತೇ ಆಗಿಲ್ಲ. ಎಷ್ಟು ಕ್ಲಾಸ್ ಬೇಕಾಗ್ಬಹುದು?

ಮೇಷ್ಟ್ರು: ಯಾವ ಕಾಲು?

ತೀರ್ಥಹಳ್ಳಿ: ಬಲಗಾಲು.

ಮೇಷ್ಟ್ರು: ಕೀ ಇವತ್ತೇ ಎತ್ತಿಡಿ. ಕ್ಲಾಸಿನ ಮಾತು ಆಮೇಲೆ. ಶುಗರ್ ಹಳೇದಾದ್ರೆ ಪಾದದ ನರ ಮಂಕಾಗತ್ತೆ. ಚಪ್ಪಲಿ ಕಳಚಿದ್ದು ತಿಳೀದೆ ಇರೋ ಕಾಲಿಗೆ ಬ್ರೇಕ್ ಮೇಲಿದೀನಾ, ಆಕ್ಸಿಲರೇಟರ್ ಮೇಲಿದೀನಾ ಅಂತ ತಿಳಿಯತ್ತಾ? 60ರಲ್ಲಿ ಹೋಗೋ ಕಾರು ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್ ದಾಟತ್ತೆ, ಬಗ್ಗಿ ಕಾಲು ನೋಡ್ಕೊಳೋಕೆ ಪುರುಸೊತ್ತು ಎಲ್ಲಿ. ನನ್ನ ಹತ್ರ ಇಂಥವ್ರೇ ಒಬ್ರು ಬಂದಿದ್ರು. ರಸ್ತೆಜ್ಞಾನದಲ್ಲಿ ನನಗೇ ಪಾಠ ಹೇಳೋರು. ಬ್ರೇಕ್ ಅಂದ್ರೆ ಆಕ್ಸಿಲರೇಟರ್ ಒತ್ತಿದ್ರು, ನನ್ನ ಕಡೆ ಇನ್ನೊಂದು ಬ್ರೇಕ್ ಇತ್ತು, ಬಚಾವು. ನಿಮ್ಮ ಕಾರಲ್ಲಿ ಅದಿಲ್ಲ. ಶುಗರ್ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ. ಕಣ್ಣು ಮುಚ್ಚಿಸಿ ಸಣ್ಣ ನೈಲಾನ್ ಎಳೆ ಪಾದಕ್ಕೆ ಒತ್ತಿ ನೋಡ್ತಾರೆ. ಚಪ್ಪಲಿ ಕಥೆ ನೀವೇ ಹೇಳಿ, ಅವ್ರು ಹೇಳಲ್ಲ.

ಸಾಗರ: ಆಟೋಮ್ಯಾಟಿಕ್ ತಗೊಳ್ಳಿ, ಮುಗೀತು.

ಮೇಷ್ಟ್ರು: ಅದರಲ್ಲೂ ಎರಡು ಪೆಡಲ್‌ಗೂ ಅದೇ ಬಲಗಾಲು ಸ್ವಾಮಿ. ಓದಿ ಬರೀರಿ.

ಗೋಪಾಳ: ಬಿಸಿ ಎಳ್ಳೆಣ್ಣೆಗೆ ಕರ್ಪೂರ ಹಾಕಿ ತಿಕ್ಕಿದ್ರೆ 21 ದಿನದಲ್ಲಿ ಪಾದದ ಜೋಮು ಮಾಯ. 🙏 ಫಾರ್ವರ್ಡ್ ಆಗಿ ಬಂದಿದ್ದು.

ಮೇಷ್ಟ್ರು: ಸ್ಪರ್ಶ ಇಲ್ಲದ ಪಾದಕ್ಕೆ ಬಿಸಿ ಎಣ್ಣೆ! ಬೊಬ್ಬೆ ಎದ್ರೂ ಗೊತ್ತಾಗಲ್ಲ. ಮೇಲಿಂದ ಎಣ್ಣೆ ಕಾಲು ಪೆಡಲ್ ಮೇಲೆ. ದಯವಿಟ್ಟು ಇಂಥದ್ದು ಇಲ್ಲಿ ಹಾಕ್ಬೇಡಿ.

ಹೊಸನಗರ: ರಾತ್ರಿ ಎದುರು ಗಾಡಿ ಲೈಟಿಗೆ ಕಣ್ಣು ಕತ್ತಲೆ ಬರತ್ತೆ. ಏನ್ ಮಾಡ್ಲಿ ಸರ್?

ಭದ್ರಾವತಿ: ಆಟೋಮ್ಯಾಟಿಕ್ ಓಡಿಸೋದು ಡ್ರೈವಿಂಗೇ ಅಲ್ಲ ಬಿಡಿ.

ವಿನೋಬನಗರ: ಹಂಗಾದ್ರೆ ನೀವು ಮಿಕ್ಸಿ ಬಿಟ್ಟು ಒರಳಲ್ಲಿ ರುಬ್ಬಿ. ಗಾಡಿ ಆಫ್ ಆಗ್ತಿರೋದು ಯಾರ್ದು?

ಭದ್ರಾವತಿ: ಲೈಸೆನ್ಸೇ ಇಲ್ದೋರು ಮಾತಾಡ್ಬಾರ್ದು.

ಶಿಕಾರಿಪುರ: ಲೈಸೆನ್ಸ್ ಮುಗಿದು 3 ವರ್ಷ. ರಿನ್ಯೂ ಆಗತ್ತಾ ಸರ್?

ಮೇಷ್ಟ್ರು: ಮೇಲೆ ಬರ್ದಿದೀನಿ.

ಗೋಪಾಳ: ಇದಾದ್ರೂ ನೋಡಿ ಸರ್: ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿದ್ರೆ ಪೆಟ್ರೋಲ್ ಉಳಿತಾಯ.

ಮೇಷ್ಟ್ರು: ಆಗುಂಬೆಲಿ ನ್ಯೂಟ್ರಲ್ಲಾ? ಇಂಜಿನ್ ಹಿಡಿತ ಹೋಗಿ ಎಲ್ಲಾ ಭಾರ ಬ್ರೇಕ್ ಮೇಲೆ ಬೀಳತ್ತೆ, ಕಾದು ಕೈ ಕೊಡತ್ತೆ. ಈಗಿನ ಕಾರು ಗೇರಲ್ಲಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ರೆ ತಾನೇ ಪೆಟ್ರೋಲ್ ನಿಲ್ಲಿಸತ್ತೆ. ಇನ್ನೊಂದು ಫಾರ್ವರ್ಡ್ ಬಂದ್ರೆ ನಾನು ಹೊರಡ್ತೀನಿ.

ಶಿಕಾರಿಪುರ: ಮೇಲೆ ಅಂದ್ರೆ ಎಲ್ಲಿ ಸರ್?

ತೀರ್ಥಹಳ್ಳಿ: ಕೀ ಎತ್ತಿಟ್ಟೆ. ಅಪ್ಪಾಜಿ ಊಟ ಬಿಟ್ಟು ಎದ್ದು ಹೋದ್ರು.

ಮೇಷ್ಟ್ರು: ಹೋಗ್ಲಿ, ಹಸಿವಾದ್ರೆ ಬರ್ತಾರೆ. ಅಮ್ಮನ ಮುಂದಿನ ಡಯಾಲಿಸಿಸ್ ಯಾವತ್ತು? ಕರ್ಕೊಂಡು ಹೋಗೋಕೆ ಯಾರಿದಾರೆ?

ಭದ್ರಾವತಿ: ಅಡ್ಮಿನ್, ಆ ಒರಳಿನ ಮಾತು ಡಿಲೀಟ್ ಮಾಡಿಸಿ ಮೊದ್ಲು.

ತೀರ್ಥಹಳ್ಳಿ: ನಾಡಿದ್ದು. ನೋಡ್ಬೇಕು ಸರ್.

ಹೊಸನಗರ: ನನ್ನ ಕಣ್ಣಿನ ಪ್ರಶ್ನೆ?