‘ಬೇರೆ ಎಲ್ಲೆಲ್ಲಿ ಅರ್ಜಿ ಹಾಕಿದ್ದೀರಿ?’ ಅಂತ ಕಾಲೇಜು ಕೇಳಿದರೆ ಹೇಳಬೇಕಾ?

ಜಯನಗರದ_ಅಮ್ಮ: ಮಗಳು ಸೆಕೆಂಡ್ ಪಿಯು. ಅಮೆರಿಕದ ಏಳು ಕಾಲೇಜಿಗೆ ಅರ್ಜಿ ಹಾಕ್ತಿದ್ದಾಳೆ. ಒಂದು ಫಾರ್ಮಿನಲ್ಲಿ ‘ಬೇರೆ ಯಾವ ಕಾಲೇಜಿಗೆಲ್ಲ ಹಾಕಿದ್ದೀರಿ’ ಅಂತ ಒಂದು ಖಾನೆ ಇದೆ. ಕಡ್ಡಾಯ ಅಲ್ಲ. ಬಿಡೋದೇ ವಾಸಿ ಅನ್ಸುತ್ತೆ. ನೀವೇನಂತೀರಿ?

ಹಳೇ_ಮೇಷ್ಟ್ರು: ತುಂಬಿಸಿ ತಾಯಿ. ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡೋದು ಕಲಿಸದೆ ಪರದೇಶಕ್ಕೆ ಕಳಿಸ್ತೀರಾ? ಸಿಇಟಿಯಲ್ಲಿ ಸಾಲಾಗಿ ಕಾಲೇಜುಗಳ ಹೆಸರು ಕೊಡಲ್ವಾ ನಾವು?

ಬಸವನಗುಡಿ_ಹುಡುಗ: ಸಾರ್, ಆ ಪಟ್ಟಿ, ಅಂದರೆ ಆಪ್ಷನ್ ಎಂಟ್ರಿ, ಹೋಗೋದು ಸಿಇಟಿ ನಡೆಸೋ ಕೆಇಎಗೆ, ಕಾಲೇಜಿಗಲ್ಲ. ರ‍್ಯಾಂಕ್ ನೋಡಿ ಕಂಪ್ಯೂಟರ್ ಸೀಟು ಹಂಚುತ್ತೆ. ಅಮೆರಿಕದಲ್ಲಿ ಕಾಲೇಜಿನವರೇ ಸೀಟು ಕೊಟ್ಟವರಲ್ಲಿ ಎಷ್ಟು ಜನ ಬಂದು ಸೇರ್ತಾರೆ ಅಂತ ‘ಯೀಲ್ಡ್’ ಲೆಕ್ಕ ಇಡ್ತಾರೆ. ಈ ಹುಡುಗಿ ಇನ್ನೂ ದೊಡ್ಡ ಕಡೆ ಹಾಕಿದ್ದಾಳೆ, ಇಲ್ಲಿಗೆ ಬರಲ್ಲ ಅನ್ನಿಸಿದರೆ ವೇಟ್‌ಲಿಸ್ಟಿಗೆ ತಳ್ಳಬಹುದು. ಫಾಫ್ಸಾ ಅಂತ ಸರಕಾರದ ಧನಸಹಾಯದ ಅರ್ಜಿ ಇದೆ. ಅದರಲ್ಲಿ ಬರೆದ ಕಾಲೇಜುಗಳ ಪಟ್ಟಿ ಹಿಂದೆ ಆ ಪಟ್ಟಿಯಲ್ಲಿದ್ದ ಎಲ್ಲ ಕಾಲೇಜಿಗೂ ಕಾಣ್ತಿತ್ತು. 2016–17ರ ಅರ್ಜಿಯಿಂದ ಅಲ್ಲಿನ ಶಿಕ್ಷಣ ಇಲಾಖೆಯೇ ಅದನ್ನ ನಿಲ್ಲಿಸ್ತು. ಸುಮ್ಮನೆ ನಿಲ್ಲಿಸ್ತಾರಾ?

ಐಟಿ_ಅಪ್ಪ: ಇಲ್ಲಿಂದ ಹೋಗೋ ನಮ್ಮ ಮಕ್ಕಳಿಗೆ ಫಾಫ್ಸಾ ಇಲ್ಲವೇ ಇಲ್ಲ. ಸಂಬಂಧ ಇಲ್ಲದ್ದನ್ನ ತಂದು ಹೆದರಿಸಬೇಡಿ.

ಹಳೇ_ಮೇಷ್ಟ್ರು: ‘ಕಂಪ್ಯೂಟರ್ ಹಂಚುತ್ತೆ’ ಅಂದ್ರಲ್ಲ, ಅದು ನೋಡೋದೂ ನೀವು ಕೊಟ್ಟ ಕ್ರಮವನ್ನೇ. ಮೊದಲನೇದು ಯಾವುದು ಅಂತ ಹೇಳಿದ್ದಕ್ಕೇ ಅದು ಸಿಗೋದು.

ಬಸವನಗುಡಿ_ಹುಡುಗ: ಸಿಗೋದು ರ‍್ಯಾಂಕಿಗೆ. ಹತ್ತನೇದಾಗಿ ಬರೆದಿದ್ದರೂ, ಮೇಲಿನ ಒಂಬತ್ತು ಸಿಗದಿದ್ದರೆ ಅದೇ ಸೀಟು. ಕ್ರಮ ಹೇಳಿದ್ದಕ್ಕೆ ಇಲ್ಲಿ ಯಾರೂ ಶಿಕ್ಷೆ ಕೊಡಲ್ಲ.

ಮಲ್ಲೇಶ್ವರಂ_ಗೃಹಿಣಿ: ಶಿಕ್ಷೆ ಕೊಡಲ್ವಾ? ನನ್ನ ಮಗ ಚಾಯ್ಸ್ 2 ಒತ್ತಿದ. ಮುಂದಿನ ಸುತ್ತಲ್ಲಿ ಮೇಲಿನ ಆಪ್ಷನ್ ಬಂತು, ಕೈಲಿದ್ದ ಸೀಟು ಹೋಯ್ತು. ಆಮೇಲೆ ಮೊದಲಿನದೇ ಬೇಕು ಅಂತ ಅತ್ತ. ಯಾರು ವಾಪಸ್ ಕೊಟ್ರು?

ಬಸವನಗುಡಿ_ಹುಡುಗ: ಆಂಟಿ, ಚಾಯ್ಸ್ 2 ಅಂದರೇ ‘ಇದು ಒಪ್ಪಿಗೆ, ಮೇಲಿನದು ಸಿಕ್ಕರೆ ಅದು’ ಅಂತ. ಮೇಲೆ ಬರೆದವರು ನೀವೇ ಅಲ್ವಾ?

ಮಲ್ಲೇಶ್ವರಂ_ಗೃಹಿಣಿ: ‘ನೀವೇ’ ಅಂತ ಬೆರಳು ತೋರಿಸ್ಬೇಡಪ್ಪ. ಮಗು ಎರಡು ದಿನ ಊಟ ಮುಟ್ಟಿಲ್ಲ. ನಿನಗೇನು ಗೊತ್ತು?

ಐಟಿ_ಅಪ್ಪ: ಮೇಡಂ, ಅದು ಆಪ್ಷನ್ ಜೋಡಿಸಿದ್ದರಲ್ಲಿ ಆದ ತಪ್ಪು.

ಮಲ್ಲೇಶ್ವರಂ_ಗೃಹಿಣಿ: ತಪ್ಪಾ! ರಾತ್ರಿ ಹನ್ನೆರಡರವರೆಗೂ ಕೂತು ಜೋಡಿಸಿದ್ದೀವಿ ರೀ!

ಕೌನ್ಸೆಲರ್_ವಿಜಯನಗರ: ವಿಷಯಕ್ಕೆ ಬರೋಣ. ಬ್ರಿಟನ್ನಿನಲ್ಲಿ ಎಲ್ಲ ಯೂನಿವರ್ಸಿಟಿಗೂ ಒಂದೇ ಕಡೆ ಅರ್ಜಿ ಹಾಕೋ ಯೂಕ್ಯಾಸ್‌ನಲ್ಲಿ ಐದು ಆಯ್ಕೆ. ಬಂದ ಸೀಟಿಗೆ ನೀವು ಉತ್ತರ ಕೊಡೋವರೆಗೂ ಒಂದರ ವಿಷಯ ಇನ್ನೊಂದಕ್ಕೆ ಕಾಣಲ್ಲ. ಅವರೇ ಮುಚ್ಚಿಟ್ಟಿದ್ದಾರೆ, ಅದರಲ್ಲಿ ಅವಮಾನ ಏನಿಲ್ಲ. ಆದರೆ ಅಮೆರಿಕದಲ್ಲಿ ಅರ್ಲಿ ಡಿಸಿಷನ್, ಅಂದರೆ ಸೀಟು ಕೊಟ್ಟರೆ ಇಲ್ಲಿಗೇ ಸೇರ್ತೀನಿ ಅಂತ ಮೊದಲೇ ಮಾತು ಕೊಡೋ ಅರ್ಜಿ, ಹಾಕಿದರೆ ವಿದ್ಯಾರ್ಥಿ, ಪೋಷಕರು, ಶಾಲೆಯ ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ಸೀಟು ಸಿಕ್ಕರೆ ಉಳಿದ ಅರ್ಜಿ ವಾಪಸ್ ತಗೋಬೇಕು. ಅಲ್ಲಿ ಆಟ ಆಡಬೇಡಿ.

ಹಳೇ_ಮೇಷ್ಟ್ರು: ‘ಸಹಿ’ ಅಂತ ನೀವೇ ಹೇಳಿದ್ರಿ. ಸಹಿ ಹಾಕೋ ಕೈ ಖಾನೆ ಖಾಲಿ ಬಿಡೋದು ನ್ಯಾಯವಾ?

ಜಯನಗರದ_ಅಮ್ಮ: ಮೇಷ್ಟ್ರೇ, ಖಾಲಿ ಬಿಡೋದು ಸುಳ್ಳಲ್ಲ. ಇಲ್ಲದ ಹೆಸರು ನಾನು ಬರೆಸಲ್ಲ. ಹೆಣ್ಣು ನೋಡೋಕೆ ಬಂದವರು ‘ಬೇರೆ ಯಾರ‍್ಯಾರ ಜಾತಕ ತರಿಸಿದ್ದೀರಿ’ ಅಂದರೆ ಪಟ್ಟಿ ಓದ್ತೀರಾ?

ಹಳೇ_ಮೇಷ್ಟ್ರು: ಜಾತಕದ ಮಾತು ಬೇರೆ. ವಿದ್ಯೆಯ ವಿಷಯದಲ್ಲಿ ಅದನ್ನ ತರಬೇಡಿ.

ಮಲ್ಲೇಶ್ವರಂ_ಗೃಹಿಣಿ: ಚಾಯ್ಸ್ 2 ಬಗ್ಗೆ ಆ ಹುಡುಗ ಇನ್ನೂ ಕ್ಷಮೆ ಕೇಳಿಲ್ಲ.