37 ಚುಕ್ಕಿ

ಪುಟ್ಟಿ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದೆ. ತುಲಾ ಸಂಕ್ರಮಣಕ್ಕೆ ಎಲ್ಲರೂ ತಲಕಾವೇರಿಗೆ ಹೋಗೋಣ ಅಂತ ನಿನ್ನ ದೊಡ್ಡಪ್ಪ ನಮ್ಮ ಮನೆಯವರ ಗ್ರೂಪ್‌ನಲ್ಲಿ ಹಾಕಿದ್ದರು. ನೀನು, 'ನನಗೆ ಮನಸ್ಸಿಲ್ಲ, ಈಗ ಕೈ ಮುಗಿದರೆ ಸುಳ್ಳು ಹೇಳಿದ ಹಾಗಾಗುತ್ತೆ' ಅಂದೆ. ಗ್ರೂಪ್‌ನಲ್ಲಿರುವವರೇ, ಪುಟ್ಟಿಯನ್ನು ಯಾರೂ ಬೈಯಬೇಡಿ. ಟೈಪ್ ಮಾಡಿದರೆ ಮುಗಿಯುವ ಮಾತಲ್ಲ, ಅದಕ್ಕೇ ವಾಯ್ಸ್ ಕಳಿಸುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ತೋಟದ ಮೇಲಿನ ಗುಡ್ಡ ಜಾರಿದಾಗ ನಾವು ಉಟ್ಟ ಬಟ್ಟೆಯಲ್ಲೇ ಮಡಿಕೇರಿಗೆ ಬಂದವರು. ಪರಿಹಾರ ಕೇಂದ್ರದಲ್ಲಿ ಯಾರೋ, 'ದೇವರಿಗೆ ಕೋಪ ಬಂದಿದೆ' ಅಂದರು. ಆ ಮಾತು ಒಳಗೇ ಚುಚ್ಚಿಕೊಂಡಿತ್ತು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟವೇ ಕುಸಿದು ಅರ್ಚಕರ ಮನೆ ಮಣ್ಣಡಿಗೆ ಹೋಯಿತು. ದಿನಾ ಪೂಜೆ ಮಾಡುವವರ ಮನೆ! ಆಮೇಲೆ ನನಗೆ ದೀಪ ಹಚ್ಚಲು ಕೈ ಬರಲಿಲ್ಲ. ಹಚ್ಚದೆ ಇರಲೂ ಭಯ.

ರಂಗೋಲಿ ಮಾತ್ರ ಬಿಡಲಿಲ್ಲ. 7ರಿಂದ 4, ಸಂದು ಚುಕ್ಕಿ. ನಡುವೆ 7, ಅದರ ಮೇಲೆ ಕೆಳಗೆ 6, 5, 4. ಒಟ್ಟು 37. ಮಳೆಗಾಲದಲ್ಲಿ ಪುಡಿ ಹಸಿಯಾಗಿ ಬೆರಳಿಂದ ಇಳಿಯುವುದೇ ಇಲ್ಲ ಅಲ್ವಾ, ಬಾಣಲೆಯಲ್ಲಿ ಬೆಚ್ಚಗೆ ಮಾಡಿಕೊಂಡು ಬಾಡಿಗೆ ಮನೆಯ ಜಗಲಿಯಲ್ಲಿ ಹಾಕುತ್ತಿದ್ದೆ. ಎಳೆ ಚುಕ್ಕಿಯನ್ನು ಮುಟ್ಟಬಾರದು. ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರಬೇಕು. ನನ್ನ ಎಳೆ ದಿನಾ ದಪ್ಪಗಾಗಿ ಚುಕ್ಕಿ ಮುಚ್ಚಿಹೋಗುತ್ತಿತ್ತು. ದೇವರ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂತ ತಿಳಿದದ್ದು ಆ ದಪ್ಪ ಎಳೆ ನೋಡಿ. ಇಲ್ಲದವರ ಮೇಲೆ ಅಷ್ಟು ಸಿಟ್ಟು ಬರುತ್ತದಾ, ಹೇಳು?

ಬೈಲಕುಪ್ಪೆಯ ಟಿಬೆಟಿಯನ್ನರಲ್ಲಿ ಮರಳಿನ ಮಂಡಲ ಅಂತ ಇದೆ. ಭಿಕ್ಷುಗಳು ಲೋಹದ ಕೊಳವೆ ಉಜ್ಜುತ್ತಾ ಬಣ್ಣದ ಮರಳನ್ನು ಸಣ್ಣಗೆ ಉದುರಿಸುತ್ತಾರೆ. ದಿನಗಟ್ಟಲೆ ಕೂತು ಮಾಡಿದ್ದನ್ನು ಕೊನೆಗೆ ಗುಡಿಸಿ ಹರಿಯುವ ನೀರಿಗೆ ಬಿಡುತ್ತಾರೆ. ನಾನೂ ಬೆಳಿಗ್ಗೆ ನಿನ್ನೆಯದನ್ನು ಗುಡಿಸಿ, ನಿನ್ನೆ ಕೇಳಿದ್ದನ್ನೇ ಮತ್ತೆ ಕೇಳುತ್ತಾ ಚುಕ್ಕಿ ಇಡುತ್ತಿದ್ದೆ. ಉತ್ತರ ಇನ್ನೂ ಸಿಕ್ಕಿಲ್ಲ. ಎಳೆ ಮಾತ್ರ ಬರಬರುತ್ತಾ ಸಣ್ಣಗಾಯಿತು. ಒಂದು ದಿನ ರಂಗೋಲಿ ಮುಗಿಸಿ ಎದ್ದವಳು ಸುಮ್ನೆ ಒಳಗೆ ಹೋಗಿ ದೀಪ ಹಚ್ಚಿದೆ. ಯಾಕೆ ಅಂತ ಕೇಳಿದರೆ ಇವತ್ತಿಗೂ ಹೇಳಲಾರೆ.

ಭಾವ, ಈ ಸಲ ಅವಳಿಗೆ ಒತ್ತಾಯ ಮಾಡಬೇಡಿ. ನೀವೆಲ್ಲ ಹೋಗಿ ಬನ್ನಿ, ನಮಗೂ ತೀರ್ಥ ತನ್ನಿ. ಪುಟ್ಟಿ, ಅವತ್ತು ನಮ್ಮಲ್ಲಿಗೆ ಬಾ. ಪುಡಿ ತಂದಿಟ್ಟಿದ್ದೇನೆ. ದೇವರ ಮಾತು ನಾನಾಗಿ ಎತ್ತುವುದಿಲ್ಲ.